ಹೆಸರಿಲ್ಲದ ಉದ್ಯಾನ: ಅರ್ಜಿಯಿಂದ ನಾಮಫಲಕದವರೆಗೆ

ಬೆಂಗಳೂರಿನ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಗಳ ನಕ್ಷೆ ತೆಗೆದು ನೋಡಿದರೆ ಉದ್ಯಾನದ ಜಾಗದಲ್ಲಿ ‘ಪಾರ್ಕ್’ ಎಂದಷ್ಟೇ ಬರೆದಿರುತ್ತದೆ. ಜನ ತಮಗೆ ತೋಚಿದಂತೆ ಕರೆದುಕೊಳ್ಳುತ್ತಾರೆ: ವಾಟರ್ ಟ್ಯಾಂಕ್ ಪಾರ್ಕ್, ಗಣಪತಿ ದೇವಸ್ಥಾನದ ಪಾರ್ಕ್, ಮೂರನೇ ಮೇನ್ ಪಾರ್ಕ್. ನಿರ್ವಹಣೆಯ ಗುತ್ತಿಗೆ ಪತ್ರದಲ್ಲಿ ಅದಕ್ಕೆ ಇನ್ನೊಂದು ಹೆಸರು, ಗೂಗಲ್ ಮ್ಯಾಪ್‌ನಲ್ಲಿ ಮತ್ತೊಂದು. ಇಂಥ ಒಂದು ಉದ್ಯಾನಕ್ಕೆ, ಆ ಜಾಗದಲ್ಲಿ ಹಿಂದೆ ಇದ್ದ ಕುಂಟೆಯ (ಪುಟ್ಟ ಕೆರೆಯ) ಹೆಸರನ್ನೇ ಅಧಿಕೃತವಾಗಿ ಇಡಿಸಬೇಕೆಂದು ನಮ್ಮ ಬಡಾವಣೆಯ ಕೆಲವರು ಹಿಡಿದ ಕೆಲಸ ಯಾವ ಯಾವ ಮೇಜು ದಾಟಿತು, ಎಲ್ಲೆಲ್ಲಿ ನಿಂತಿತು ಎಂಬುದನ್ನು ಇಲ್ಲಿ ಬರೆದಿದ್ದೇವೆ. ರಸ್ತೆ, ವೃತ್ತ, ಆಟದ ಮೈದಾನ, ಸಮುದಾಯ ಭವನ, ಯಾವುದಕ್ಕೇ ಆದರೂ ದಾರಿ ಹೆಚ್ಚುಕಡಿಮೆ ಇದೇ. ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳಿದ್ದೇವೆ.

ಹೆಸರು ಉದ್ಘಾಟನೆಯ ವೇದಿಕೆಯ ಮೇಲೆ ತೀರ್ಮಾನವಾಗುತ್ತದೆ ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸುತ್ತದೆ. ಆ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಕಡತಕ್ಕೆ ಯಾರ ದಾಖಲೆ ಮೊದಲು ಸೇರಿತು, ಆಕ್ಷೇಪಣೆಯ ಅವಧಿಯಲ್ಲಿ ಯಾರು ಏನು ಬರೆದುಕೊಟ್ಟರು ಎಂಬುದರ ಮೇಲೆ ಬಹುಮಟ್ಟಿಗೆ ಹೆಸರು ನಿಲ್ಲುತ್ತದೆ. ನಾಗರಿಕರ ಕೈಗೆ ಸಿಗುವುದು ಈ ಎರಡೇ ಜಾಗ. ಎರಡನ್ನೂ ಬಿಟ್ಟುಕೊಡಬಾರದು.

ಆಸ್ತಿ ಯಾರದು

ಹೆಸರು ಯೋಚಿಸುವ ಮೊದಲು ಜಾಗ ಯಾರ ಸುಪರ್ದಿಯಲ್ಲಿದೆ ಎಂದು ತಿಳಿಯಬೇಕು. ಬಡಾವಣೆಯನ್ನು ಬಿಡಿಎ ಪಾಲಿಕೆಗೆ ಹಸ್ತಾಂತರಿಸಿದ್ದರೆ ಉದ್ಯಾನ, ಒಳರಸ್ತೆ, ಮೈದಾನ ಪಾಲಿಕೆಯ ಲೆಕ್ಕಕ್ಕೆ ಬರುತ್ತವೆ. ಹಸ್ತಾಂತರ ಆಗಿಲ್ಲದಿದ್ದರೆ ಬಿಡಿಎಗೆ ಹೋಗಬೇಕು. ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ ಅಥವಾ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ಗ್ರಂಥಾಲಯ ಸಾರ್ವಜನಿಕ ಗ್ರಂಥಾಲಯ ಇಲಾಖೆಯದು. ಬಸ್ ನಿಲ್ದಾಣದ ತಂಗುದಾಣ ಒಬ್ಬರದು, ನಿಲ್ದಾಣದ ಹೆಸರು ಬಿಎಂಟಿಸಿಯದು. ಮೆಟ್ರೊ ನಿಲ್ದಾಣದ ಹೆಸರು ರಾಜ್ಯ ಸರ್ಕಾರದ ಮಟ್ಟದಲ್ಲಿ ತೀರ್ಮಾನವಾಗುತ್ತದೆ. ರೈಲು ನಿಲ್ದಾಣವಾದರೆ ರಾಜ್ಯದ ಪ್ರಸ್ತಾವಕ್ಕೆ ಕೇಂದ್ರ ಗೃಹ ಸಚಿವಾಲಯದ ನಿರಾಕ್ಷೇಪಣೆಯೂ ಬೇಕು. ಊರಿನ ಹೆಸರಿಗೂ ಅದೇ ದಾರಿ. ‘ಬ್ಯಾಂಗಲೋರ್’ ಬದಲು ‘ಬೆಂಗಳೂರು’ ಆಗಬೇಕೆಂದು ಪಾಲಿಕೆ 2006ರಲ್ಲಿ ನಿರ್ಣಯ ಮಾಡಿದ್ದು, ಇತರ 11 ಊರುಗಳ ಜೊತೆ ಜಾರಿಗೆ ಬಂದದ್ದು 2014ರ ನವೆಂಬರ್ 1ರಂದು.

ಅರ್ಜಿಯನ್ನು ತಪ್ಪು ಕಚೇರಿಗೆ ಕೊಟ್ಟರೆ ಅದನ್ನು ತಿರಸ್ಕರಿಸುವುದೂ ಇಲ್ಲ, ವರ್ಗಾಯಿಸುವುದೂ ಇಲ್ಲ. ಟಪಾಲಿನಲ್ಲಿ ಸ್ವೀಕರಿಸಿ ಮುದ್ರೆ ಹಾಕಿಕೊಡುತ್ತಾರೆ, ಅಲ್ಲಿಗೆ ಅದು ನಿಲ್ಲುತ್ತದೆ. ಅದಕ್ಕೆ ಮೊದಲ ಹೆಜ್ಜೆಯಾಗಿ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕುವುದು ಒಳ್ಳೆಯದು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದಗಳ ಒಳಗಿರಬೇಕು ಮತ್ತು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಪ್ರತಿಗಳಿಗೆ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ. ಕೇಳಬೇಕಾದದ್ದು ಮೂರು: ಈ ಜಾಗದ ಹಸ್ತಾಂತರ ಪತ್ರದ ಪ್ರತಿ, ಇದಕ್ಕೆ ಹಿಂದೆ ಯಾವುದಾದರೂ ಹೆಸರು ಇಟ್ಟ ನಿರ್ಣಯವಿದ್ದರೆ ಅದರ ಪ್ರತಿ, ಉದ್ಯಾನಗಳ ಪಟ್ಟಿಯಲ್ಲಿ ಇದನ್ನು ಯಾವ ಹೆಸರಿನಲ್ಲಿ ನಮೂದಿಸಲಾಗಿದೆ ಎಂಬ ಪುಟ. ಎರಡನೆಯದನ್ನು ಬಿಟ್ಟವರು ಕೊನೆಯಲ್ಲಿ ಪೆಟ್ಟು ತಿನ್ನುತ್ತಾರೆ. ಹಿಂದೆ ಯಾವುದೋ ಕೌನ್ಸಿಲ್ ಸಭೆಯಲ್ಲಿ ಒಬ್ಬ ಹಿರಿಯರ ಹೆಸರಿಡಲು ನಿರ್ಣಯವಾಗಿ ಫಲಕವೇ ಬಿದ್ದಿರುವುದಿಲ್ಲ. ಹೊಸ ಪ್ರಸ್ತಾವ ಅಷ್ಟು ದೂರ ಸಾಗಿದ ಮೇಲೆ ಆ ಹಳೆಯ ನಡವಳಿ ಎದ್ದು ಬರುತ್ತದೆ. ಆಗ ‘ನಾಮಕರಣ’ ಎಂದು ಶುರುವಾದ ಕಡತ ‘ಮರುನಾಮಕರಣ’ ಆಗಿಬಿಡುತ್ತದೆ, ಮತ್ತೆ ಮೊದಲಿನಿಂದ.

ಜಾಗದ ಮೇಲೆ ವ್ಯಾಜ್ಯವಿದ್ದರೆ ಹೆಸರಿನ ಕೆಲಸ ಮುಂದಕ್ಕೆ ಹೋಗುವುದಿಲ್ಲ, ಹೋಗಲೂಬಾರದು. ಉದ್ಯಾನದ ಒಂದು ಮೂಲೆಯನ್ನು ಯಾರಾದರೂ ತಮ್ಮದೆಂದು ಹೇಳುತ್ತಿದ್ದರೆ ಮೊದಲು 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯ ಆಸರೆ ಹಿಡಿದು ಆ ಜಾಗ ಉಳಿಸಿಕೊಳ್ಳುವುದು ಮುಖ್ಯ.

ಹಳೆಯ ಹೆಸರಿಗೆ ದಾಖಲೆ ಎಲ್ಲಿಂದ

ನಾವು ವ್ಯಕ್ತಿಯ ಹೆಸರಿನ ಬದಲು ಸ್ಥಳದ ಹೆಸರು ಕೇಳಿದ್ದಕ್ಕೆ ಕಾರಣವಿದೆ. ಬೆಂಗಳೂರಿನ ಸಾರ್ವಜನಿಕ ಸೌಲಭ್ಯಗಳಲ್ಲಿ ಎಷ್ಟೋ ಕೆರೆಯ ಅಂಗಳದ ಮೇಲೆ ನಿಂತಿವೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಕಡೆ ಧರ್ಮಾಂಬುಧಿ ಕೆರೆಯಿತ್ತು. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯದು. ಸಂಪಂಗಿ ಎಂಬ ಹೆಸರು ಪಕ್ಕದ ಸಂಪಂಗಿರಾಮನಗರದಲ್ಲಿ ಉಳಿದಿದೆ, ಕರಗದ ಆಚರಣೆಗೆ ಬೇಕಾಗಿ ಕ್ರೀಡಾಂಗಣದ ಬದಿಯಲ್ಲಿ ಒಂದು ಪುಟ್ಟ ಕೊಳವೂ ಉಳಿದಿದೆ. ಧರ್ಮಾಂಬುಧಿಗೆ ಆ ಅದೃಷ್ಟವೂ ಇಲ್ಲ. ಅಲ್ಲಿ ‘ಟ್ಯಾಂಕ್ ಬಂಡ್ ರಸ್ತೆ’ ಎಂಬ ಹೆಸರು ಇದೆ, ಯಾವ ಟ್ಯಾಂಕು ಎಂದು ಕೇಳಿದರೆ ಹೇಳುವವರು ಕಡಿಮೆ. ಕ್ರೀಡಾಂಗಣಕ್ಕೋ ನಿಲ್ದಾಣಕ್ಕೋ ಹೆಸರಿಡುವ ದಿನವೇ ಕೆರೆಯ ಹೆಸರನ್ನು ಜೊತೆಗೆ ಸೇರಿಸಿದ್ದರೆ ಆಗುತ್ತಿತ್ತು. ಹಾಗೆ ಸೇರಿಸಲು ಖರ್ಚಿಲ್ಲ, ಕೇಳುವವರು ಬೇಕು.

ಆದರೆ ‘ಇಲ್ಲೊಂದು ಕುಂಟೆಯಿತ್ತು, ಹಿರಿಯರು ಹೀಗೆ ಕರೆಯುತ್ತಿದ್ದರು’ ಎಂದು ಬರೆದರೆ ಕಡತ ಕದಲುವುದಿಲ್ಲ. ಕಾಗದ ಬೇಕು. ಹುಡುಕುವ ಕ್ರಮ ಹೀಗೆ. ಮೊದಲು ಬಡಾವಣೆಗೆ ಭೂಮಿ ತೆಗೆದುಕೊಂಡಾಗ ಬಿಡಿಎ ಕಾಯ್ದೆಯ 17 ಮತ್ತು 19ನೇ ಕಲಂಗಳಡಿ ಹೊರಡಿಸಿದ ಪ್ರಾಥಮಿಕ ಮತ್ತು ಅಂತಿಮ ಅಧಿಸೂಚನೆಗಳನ್ನು ನೋಡಬೇಕು. ಅಲ್ಲಿ ಗ್ರಾಮದ ಹೆಸರು ಮತ್ತು ಸರ್ವೆ ನಂಬರು ಸಿಗುತ್ತವೆ. ಸರ್ವೆ ನಂಬರು ಹಿಡಿದು ಭೂಮಾಪನ ಇಲಾಖೆಯ ಗ್ರಾಮ ನಕ್ಷೆ ತೆಗೆಯಬೇಕು. ದಿಶಾಂಕ್ ಆ್ಯಪ್ ಇಟ್ಟುಕೊಂಡು ಉದ್ಯಾನದ ನಡುವೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಅದು ಅಂದಾಜಿಗೆ ಸಾಕು, ದಾಖಲೆಗೆ ಸಾಲದು. ನಂತರ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ದಾಖಲೆ) ಮತ್ತು ಹಳೆಯ ಪಹಣಿ. ಜಾಗ ‘ಬ ಖರಾಬು’ ಎಂದು ಬರೆದಿದ್ದರೆ ಅದು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು ಎಂದು ಅರ್ಥ. ಕುಂಟೆ, ಕಟ್ಟೆ, ಹಳ್ಳ, ಗುಂಡುತೋಪು ಇವೆಲ್ಲ ಸಾಮಾನ್ಯವಾಗಿ ಅಲ್ಲಿ ಇರುತ್ತವೆ.

ಇಷ್ಟರಲ್ಲಿ ಕುಂಟೆ ಇತ್ತೆಂಬುದು ಸಾಬೀತಾಗುತ್ತದೆ, ಅದರ ಹೆಸರು ಮಾತ್ರ ಸಿಗುವುದಿಲ್ಲ. ಕಂದಾಯ ದಾಖಲೆ ‘ಸರ್ಕಾರಿ ಕುಂಟೆ’ ಎಂದು ಬರೆದು ಸುಮ್ಮನಾಗುತ್ತದೆ. ಹೆಸರು ಸಿಗುವುದು ಪಕ್ಕದ ಜಮೀನುಗಳ ಹಳೆಯ ಕ್ರಯಪತ್ರಗಳಲ್ಲಿ. ಪ್ರತಿ ಕ್ರಯಪತ್ರದ ಕೊನೆಗೂ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಇಂಥ ಕುಂಟೆ. ರೈತರು ತಾವು ದಿನವೂ ಕರೆಯುತ್ತಿದ್ದ ಹೆಸರನ್ನೇ ಬರೆಸುತ್ತಿದ್ದರು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ಪ್ರತಿ ಸಿಗುತ್ತದೆ. ಬೇರೆ ಬೇರೆ ಕುಟುಂಬಗಳ ಎರಡು ಪತ್ರಗಳಲ್ಲಿ ಅದೇ ಹೆಸರು ಬಂದರೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಾಗಿಲ್ಲ. ಪ್ರತಿಯನ್ನು ಅರ್ಜಿಗೆ ಲಗತ್ತಿಸುವಾಗ ಆ ಕುಟುಂಬದವರ ಒಪ್ಪಿಗೆ ಕೇಳಿ, ಚಕ್ಕುಬಂದಿ ಇರುವ ಪುಟ, ಸಂಖ್ಯೆ ಮತ್ತು ದಿನಾಂಕ ಇರುವ ಪುಟ ಎರಡನ್ನೇ ಕೊಟ್ಟರೆ ಸಾಕು. ಹಣದ ವಿವರ ಯಾರಿಗೂ ಬೇಕಿಲ್ಲ.

ಊರಿನ ಹೆಸರಿನ ಹಳಮೆ ತೋರಿಸಬೇಕಾದರೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟವನ್ನು ಒಮ್ಮೆ ತಿರುವಿ ಹಾಕಬೇಕು. ಬೇಗೂರಿನ ನಾಗನಾಥೇಶ್ವರ ದೇವಸ್ಥಾನದ ಸುಮಾರು 890ರ ಶಾಸನದಲ್ಲಿ ‘ಬೆಂಗಳೂರು’ ಕಾಳಗದ ಮಾತು ಬರುವುದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಸುತ್ತಣ ಇನ್ನೆಷ್ಟೋ ಊರುಗಳಿಗೂ ಕೆರೆಗಳಿಗೂ ಶಾಸನಗಳಿವೆ. ಶಾಸನ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕ್ರಯಪತ್ರವೇ ಸಾಕು.

ವ್ಯಕ್ತಿಯ ಹೆಸರಾದರೆ

ವ್ಯಕ್ತಿಯ ಹೆಸರು ಕೇಳುವುದು ತಪ್ಪಲ್ಲ. ಪುಟ್ಟಣ್ಣ ಚೆಟ್ಟಿ ಪುರಭವನದಂಥ ಹೆಸರುಗಳು ನಗರಕ್ಕೆ ದುಡಿದವರ ನೆನಪನ್ನು ಹೊತ್ತು ನಿಂತಿವೆ. ಆದರೆ ದಾಖಲೆ ಬೇರೆ ಬಗೆಯದು: ಹುಟ್ಟು ಸಾವಿನ ದಿನಾಂಕ, ಆ ವ್ಯಕ್ತಿಗೂ ಆ ಜಾಗಕ್ಕೂ ಇದ್ದ ಸಂಬಂಧ, ಮಾಡಿದ ಕೆಲಸಕ್ಕೆ ಪುರಾವೆ, ಕುಟುಂಬದ ಲಿಖಿತ ಒಪ್ಪಿಗೆ. ಕುಟುಂಬದ ಒಪ್ಪಿಗೆಯನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಬಿಡಬಾರದು. ಇನಿಷಿಯಲ್ ಯಾವುದು, ಜಾತಿಸೂಚಕ ಪದ ಇರಬೇಕೇ ಬೇಡವೇ, ‘ದಿವಂಗತ’ ಎಂದು ಸೇರಿಸಬೇಕೇ ಎಂಬ ತಕರಾರುಗಳು ಅಲ್ಲಿಂದಲೇ ಹುಟ್ಟುತ್ತವೆ. ಬದುಕಿರುವವರ ಹೆಸರು ಕೇಳಬೇಡಿ ಎಂದು ನಾವು ಖಡಾಖಂಡಿತವಾಗಿ ಹೇಳುತ್ತೇವೆ. ಅವರು ಎಷ್ಟೇ ದೊಡ್ಡವರಿರಲಿ, ಆಕ್ಷೇಪಣೆ ಬರುತ್ತದೆ, ಅವರಿಗೂ ಮುಜುಗರ.

ಹೆಸರು ಪುನರಾವರ್ತನೆಯಾಗುತ್ತದೆಯೇ ನೋಡಬೇಕು. ಗಾಂಧಿ, ಅಂಬೇಡ್ಕರ್, ಕುವೆಂಪು, ಕೆಂಪೇಗೌಡ ಹೆಸರಿನ ರಸ್ತೆ, ಉದ್ಯಾನ, ಭವನಗಳು ಪ್ರತಿ ಭಾಗದಲ್ಲೂ ಇವೆ. ಗೌರವದ ಪ್ರಶ್ನೆಯನ್ನು ಬದಿಗಿಟ್ಟು ನೋಡಿದರೂ ಇದರಿಂದ ತೊಂದರೆಯಿದೆ. ಆಂಬುಲೆನ್ಸ್‌ಗೆ ಫೋನ್ ಮಾಡಿದವರು ಗಾಬರಿಯಲ್ಲಿ ‘ಅಂಬೇಡ್ಕರ್ ಪಾರ್ಕ್ ಹತ್ತಿರ’ ಎಂದರೆ ಯಾವ ಅಂಬೇಡ್ಕರ್ ಪಾರ್ಕ್ ಎಂದು ಕೇಳಿ ತಿಳಿಯುವುದರಲ್ಲಿ ಹೊತ್ತು ಹೋಗುತ್ತದೆ.

ಹೆಸರಿನ ಉದ್ದದ ಬಗ್ಗೆ ಯಾರೂ ಯೋಚಿಸುವುದಿಲ್ಲ, ನಮ್ಮ ಮಟ್ಟಿಗೆ ಇದು ತುಂಬ ದೊಡ್ಡ ಸಂಗತಿ. ಜಯಚಾಮರಾಜೇಂದ್ರ ರಸ್ತೆ ಜೆ.ಸಿ. ರೋಡ್ ಆಯಿತು. ಕೆಂಗಲ್ ಹನುಮಂತಯ್ಯ ರಸ್ತೆ ಕೆ.ಎಚ್. ರೋಡ್ ಆಯಿತು, ಅದನ್ನೂ ಜನ ಡಬಲ್ ರೋಡ್ ಎನ್ನುತ್ತಾರೆ. ವಿಧಾನಸೌಧ ಕಟ್ಟಿಸಿದವರ ಹೆಸರು ಎರಡು ಅಕ್ಷರಗಳ ಹಿಂದೆ ಮರೆಯಾಗಿದೆ. ನೃಪತುಂಗ ರಸ್ತೆ, ಕಸ್ತೂರಬಾ ರಸ್ತೆ ಮಾತ್ರ ಹಾಗೇ ನಿಂತಿವೆ, ಏಕೆಂದರೆ ಅಲ್ಲಿ ಮೊಟಕು ಮಾಡಲು ಏನೂ ಇಲ್ಲ. ಬಿರುದು, ಡಾಕ್ಟರ್, ಶ್ರೀ, ಇನಿಷಿಯಲ್ ಎಲ್ಲ ಸೇರಿಸಿ ಆರು ಪದದ ಹೆಸರು ಕೊಟ್ಟರೆ ಅದು ಬಾಯಿಗೆ ಬರುವ ಮೊದಲೇ ಇಂಗ್ಲಿಷ್ ಅಕ್ಷರಗಳಾಗಿ ಒಡೆಯುತ್ತದೆ. ಎರಡು ಪದ, ಹೆಚ್ಚೆಂದರೆ ಮೂರು, ಅದರಲ್ಲಿ ಬೇರೆ ಎಲ್ಲೂ ಇಲ್ಲದ ಪದ ಮೊದಲಿಗೆ.

ಅರ್ಜಿಯಲ್ಲಿ ಏನಿರಬೇಕು

ಮನವಿ ಪತ್ರ ಒಂದೇ ಪುಟ. ಅದರ ಹಿಂದೆ ಅನುಬಂಧಗಳು. ಮೊದಲ ಅನುಬಂಧ ಜಾಗದ ವಿವರ: ಗ್ರಾಮ, ಸರ್ವೆ ನಂಬರು, ಬಡಾವಣೆಯ ಹೆಸರು, ಹಂತ, ಬ್ಲಾಕ್, ನಾಲ್ಕೂ ದಿಕ್ಕಿನ ಚಕ್ಕುಬಂದಿ, ವಿಸ್ತೀರ್ಣ. ಬಿಡಿಎ ನಕ್ಷೆಯಲ್ಲಿ ವಿಸ್ತೀರ್ಣ ಚದರ ಮೀಟರಿನಲ್ಲಿರುತ್ತದೆ, ಕಂದಾಯ ದಾಖಲೆಯಲ್ಲಿ ಎಕರೆ–ಗುಂಟೆಯಲ್ಲಿ. ಒಂದು ಗುಂಟೆಗೆ 1,089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. 40 ಗುಂಟೆಗೆ ಒಂದು ಎಕರೆ. ಎರಡೂ ಲೆಕ್ಕ ಬರೆದು, ವ್ಯತ್ಯಾಸ ಬಂದರೆ ಕಾರಣವನ್ನೂ ಬರೆಯಬೇಕು. ಸಾಮಾನ್ಯವಾಗಿ ಕುಂಟೆಯ ಒಂದು ಭಾಗ ರಸ್ತೆಗೆ, ಇನ್ನೊಂದು ಭಾಗ ನಾಗರಿಕ ಸೌಲಭ್ಯ ನಿವೇಶನಕ್ಕೆ ಹೋಗಿರುತ್ತದೆ. ಇದನ್ನು ಬರೆಯದಿದ್ದರೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ‘ವಿಸ್ತೀರ್ಣ ತಾಳೆಯಾಗುವುದಿಲ್ಲ’ ಎಂದು ಷರಾ ಬರೆದು ಕಡತವನ್ನು ವಾಪಸು ಕಳಿಸುತ್ತಾರೆ.

ವಾರ್ಡ್ ಸಂಖ್ಯೆಯನ್ನು ಮಾತ್ರ ನಂಬಿ ಜಾಗ ಗುರುತಿಸಬೇಡಿ. ಬೆಂಗಳೂರಿನಲ್ಲಿ 198 ವಾರ್ಡ್‌ಗಳಿದ್ದವು. 2022ರಲ್ಲಿ ಅವು 243 ಆದವು, 2023ರಲ್ಲಿ 225, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾದ ಮೇಲೆ 369. ಪ್ರತಿ ಸಲವೂ ಗಡಿ ಬದಲು, ಸಂಖ್ಯೆ ಬದಲು, ಹಲವು ಕಡೆ ಹೆಸರೂ ಬದಲು. 2022ರ ಪಟ್ಟಿಯಲ್ಲಿ ಚಾಣಕ್ಯ, ರಣಧೀರ ಕಂಠೀರವ, ವೀರಮದಕರಿ ಎಂಬ ವಾರ್ಡ್‌ಗಳು ಬಂದು ಊರಿನ ಹೆಸರುಗಳು ಹೋಗಿದ್ದನ್ನು ಜನ ಪ್ರಶ್ನಿಸಿದ್ದರು. ಹಳೆಯ ವಾರ್ಡ್ ಸಂಖ್ಯೆ ಬರೆದ ಅರ್ಜಿ ಹೊಸ ವಿಂಗಡಣೆಯಲ್ಲಿ ಯಾವ ಉಪವಿಭಾಗಕ್ಕೆ ಸೇರಬೇಕೆಂದು ಯಾರಿಗೂ ಗೊತ್ತಾಗದೆ ಕಪಾಟಿನಲ್ಲಿ ಉಳಿಯುತ್ತದೆ. ಗ್ರಾಮ ಮತ್ತು ಸರ್ವೆ ನಂಬರು ಬದಲಾಗುವುದಿಲ್ಲ. ಅಕ್ಷಾಂಶ ರೇಖಾಂಶವೂ ಅಷ್ಟೇ. ಮೊದಲು ಅವು, ಕೊನೆಗೆ ‘ಈಗಿನ ವಾರ್ಡ್’.

ರಸ್ತೆಯಾದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅತಿ ಮುಖ್ಯ. 2023ರ ಫೆಬ್ರವರಿಯಲ್ಲಿ ಹೊರವರ್ತುಲ ರಸ್ತೆಯ ಒಂದು ಭಾಗಕ್ಕೆ ಡಾ. ಪುನೀತ್ ರಾಜ್‌ಕುಮಾರ್ ರಸ್ತೆ ಎಂದು ಹೆಸರಿಟ್ಟಾಗ ನಾಯಂಡಹಳ್ಳಿ ಜಂಕ್ಷನ್‌ನಿಂದ ಬನ್ನೇರುಘಟ್ಟ ರಸ್ತೆಯ ವೆಗಾ ಸಿಟಿ ಮಾಲ್ ಜಂಕ್ಷನ್‌ವರೆಗಿನ 12 ಕಿಲೋಮೀಟರ್ ಎಂದು ಎರಡೂ ತುದಿ ಸ್ಪಷ್ಟವಾಗಿತ್ತು. ಅಷ್ಟು ಉದ್ದದ ಮುಖ್ಯರಸ್ತೆಯಲ್ಲೇ ತುದಿ ಬರೆಯುತ್ತಾರೆ ಎಂದರೆ, 200 ಮೀಟರಿನ ಅಡ್ಡರಸ್ತೆಗೆ ಬರೆಯದೆ ಬಿಡುವುದಕ್ಕೆ ನೆಪವಿಲ್ಲ.

ಎರಡನೇ ಅನುಬಂಧ ದಾಖಲೆಗಳ ಪ್ರತಿ. ಮೂರನೆಯದು ನಿವಾಸಿಗಳ ಸಹಿ, ವಿಳಾಸ ಸಮೇತ. ನಾಲ್ಕನೆಯದು ಕರಡು ನಿರ್ಣಯ. ಇದನ್ನು ನಾವೇ ಬರೆದುಕೊಡುವುದು ಉಪಾಯ: ‘ಈ ಕೆಳಗಿನ ಅನುಸೂಚಿಯ ಉದ್ಯಾನಕ್ಕೆ ಇಂಥ ಹೆಸರಿಡಲು ತೀರ್ಮಾನಿಸಲಾಯಿತು’ ಎಂಬ ಮೂರು ಸಾಲು, ಹೆಸರು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ. ಇಂಗ್ಲಿಷ್ ಕಾಗುಣಿತವನ್ನು ನಿರ್ಣಯದಲ್ಲೇ ಕಟ್ಟಿಹಾಕದಿದ್ದರೆ ಫಲಕ ಬರೆಯುವ ಗುತ್ತಿಗೆದಾರರು ತಮಗೆ ಕಂಡಂತೆ ಬರೆಯುತ್ತಾರೆ. ಆಮೇಲೆ ಅಕ್ಕಪಕ್ಕದ ಎರಡು ಫಲಕದಲ್ಲಿ ಎರಡು ಬಗೆ.

ಕಡತ ಓಡುವ ದಾರಿ

ಅರ್ಜಿ ವಲಯ ಕಚೇರಿಯ ಟಪಾಲಿಗೆ ಬಿದ್ದ ಮೇಲೆ ತೋಟಗಾರಿಕೆ ವಿಭಾಗಕ್ಕೂ ಉಪವಿಭಾಗದ ಎಂಜಿನಿಯರಿಗೂ ವರದಿಗಾಗಿ ಹೋಗುತ್ತದೆ. ಸ್ಥಳ ತನಿಖೆ, ಫೋಟೊ, ಮಹಜರು. ಮಹಜರಿಗೆ ಸ್ಥಳೀಯರ ಸಹಿ ಬೇಕಾಗುತ್ತದೆ, ಆ ದಿನ ಬಡಾವಣೆಯ ನಾಲ್ಕೈದು ಮಂದಿ ಹಾಜರಿದ್ದರೆ ಕೆಲಸ ಅಂದೇ ಮುಗಿಯುತ್ತದೆ. ವರದಿ ವಲಯ ಮಟ್ಟದಿಂದ ಕೇಂದ್ರ ಕಚೇರಿಗೆ, ಅಲ್ಲಿಂದ ಕೌನ್ಸಿಲ್ ಶಾಖೆಗೆ, ಅಲ್ಲಿಂದ ಸಭೆಯ ಕಾರ್ಯಸೂಚಿಗೆ. ನಿರ್ಣಯವಾದ ಮೇಲೆ ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ, ಆಕ್ಷೇಪಣೆಗೆ 30 ದಿನ. ಬಂದ ಆಕ್ಷೇಪಣೆಗಳ ಪರಿಶೀಲನೆ, ಸರ್ಕಾರದ ನಗರಾಭಿವೃದ್ಧಿ ಇಲಾಖೆಗೆ ಪ್ರಸ್ತಾವ, ಅನುಮೋದನೆ, ಆದೇಶ. ಕೆಲವು ಸಲ ಪ್ರಕಟಣೆ ಮೊದಲಾಗಿ ನಿರ್ಣಯ ಆಮೇಲೆ ಆಗುವುದೂ ಉಂಟು.

ಚುನಾಯಿತ ಕೌನ್ಸಿಲ್ ಇಲ್ಲದಾಗ ಆಡಳಿತಾಧಿಕಾರಿಯೇ ಸಭೆಯ ಸ್ಥಾನದಲ್ಲಿರುತ್ತಾರೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದು ವರ್ಷಗಟ್ಟಲೆ ಇದೇ ಸ್ಥಿತಿ ಇತ್ತು. ಆಗ ಕಾಗದ ಬೇಗ ಓಡಬಹುದು. ಆದರೆ ಚರ್ಚೆಯಿಲ್ಲದೆ ಆದ ಹೆಸರನ್ನು ಮುಂದೆ ಬರುವ ಕೌನ್ಸಿಲ್ ಬದಲಿಸಲು ಹೊರಟರೆ ತಡೆಯಲು ಆಧಾರ ತೆಳುವಾಗಿರುತ್ತದೆ. ಆ ಕಾಲದಲ್ಲಿ ನಿವಾಸಿಗಳ ಸಹಿಯ ಅನುಬಂಧವನ್ನು ಇನ್ನಷ್ಟು ಗಟ್ಟಿ ಮಾಡಿಟ್ಟುಕೊಳ್ಳಬೇಕು. ಚುನಾವಣೆಯ ನೀತಿಸಂಹಿತೆ ಜಾರಿಯಲ್ಲಿದ್ದಾಗ ಹೆಸರಿಡುವ ಸಮಾರಂಭವಾಗಲಿ ಹೊಸ ತೀರ್ಮಾನವಾಗಲಿ ನಡೆಯುವುದಿಲ್ಲ. ಲೋಕಸಭೆ, ವಿಧಾನಸಭೆ, ಪಾಲಿಕೆ ಮೂರೂ ಚುನಾವಣೆಯ ಲೆಕ್ಕ ಇಟ್ಟುಕೊಂಡು ಅರ್ಜಿಯ ಕಾಲ ಆರಿಸಬೇಕು.

ಈ ನಡುವೆ ಉತ್ಸಾಹಿಗಳು ರಾತ್ರೋರಾತ್ರಿ ಫಲಕ ನೆಟ್ಟುಬಿಡುತ್ತಾರೆ. ದಯವಿಟ್ಟು ಮಾಡಬೇಡಿ, ಮಾಡಲು ಬಿಡಲೂಬೇಡಿ. ಎದುರು ಗುಂಪು ಮರುದಿನ ಇನ್ನೊಂದು ಫಲಕ ನೆಡುತ್ತದೆ, ಪೊಲೀಸರು ಎರಡನ್ನೂ ಕೀಳುತ್ತಾರೆ, ಅಷ್ಟು ದಿನ ತಕರಾರಿಲ್ಲದಿದ್ದ ಕಡತಕ್ಕೆ ‘ಕಾನೂನು ಸುವ್ಯವಸ್ಥೆ’ ಎಂಬ ಮಾತು ಸೇರುತ್ತದೆ. ಆ ಮಾತು ಒಮ್ಮೆ ಸೇರಿದರೆ ಯಾವ ಅಧಿಕಾರಿಯೂ ಸಹಿ ಹಾಕಲು ಮುಂದೆ ಬರುವುದಿಲ್ಲ. ವೃತ್ತಕ್ಕೆ ಹೆಸರು ಕೇಳುವವರು ಪ್ರತಿಮೆಯ ಆಸೆಯನ್ನು ಅದರ ಜೊತೆ ಕಟ್ಟಬಾರದು. ಸಾರ್ವಜನಿಕ ರಸ್ತೆಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶ ಮಾಡಿದೆ. ಎರಡೂ ಒಂದೇ ಅರ್ಜಿಯಲ್ಲಿದ್ದರೆ ಪ್ರತಿಮೆಯ ಜೊತೆ ಹೆಸರೂ ಬಿದ್ದುಹೋಗುತ್ತದೆ.

ಆ 30 ದಿನ

ಪ್ರಕಟಣೆಯ ಅಳತೆ ಚಿಕ್ಕದು, ಒಳಪುಟದಲ್ಲಿ ಟೆಂಡರ್ ಜಾಹೀರಾತುಗಳ ನಡುವೆ ಇರುತ್ತದೆ. ದಿನ ಎಣಿಸುವುದು ಪ್ರಕಟವಾದ ದಿನದಿಂದ, ನೀವು ಓದಿದ ದಿನದಿಂದ ಅಲ್ಲ. ಪತ್ರಿಕೆಯ ಆ ಪುಟವನ್ನು ಇಡಿಯಾಗಿ ಎತ್ತಿಡಿ.

ಆಕ್ಷೇಪಣೆಯಲ್ಲಿ ಪ್ರಕಟಣೆಯ ಸಂಖ್ಯೆ, ದಿನಾಂಕ, ನಿಮ್ಮ ವಿಳಾಸ, ಆ ಜಾಗದಿಂದ ನಿಮ್ಮ ಮನೆ ಎಷ್ಟು ದೂರ ಎಂಬುದು ಮೊದಲು. ನಂತರ ಆಧಾರ. ‘ನಮಗೆ ಈ ಹೆಸರು ಇಷ್ಟವಿಲ್ಲ’ ಎಂಬ ನೂರು ಪತ್ರಕ್ಕಿಂತ ‘ಈ ಜಾಗಕ್ಕೆ ಈಗಾಗಲೇ ಇಂಥ ಹೆಸರಿದೆ, ದಾಖಲೆ ಲಗತ್ತಿಸಿದೆ’ ಎಂಬ ಒಂದು ಪತ್ರಕ್ಕೆ ತೂಕ ಹೆಚ್ಚು, ಏಕೆಂದರೆ ಅಧಿಕಾರಿ ಅದಕ್ಕೆ ಕಡತದಲ್ಲಿ ಉತ್ತರ ಬರೆಯಲೇಬೇಕಾಗುತ್ತದೆ. 2024ರ ಕೊನೆಯಲ್ಲಿ ಮೈಸೂರು ಮಹಾನಗರ ಪಾಲಿಕೆ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡುವ ಬಗ್ಗೆ ಆಕ್ಷೇಪಣೆ ಆಹ್ವಾನಿಸಿದಾಗ ಮಾತು ಬಹುಬೇಗ ದಾಖಲೆಗೆ ಬಂದು ನಿಂತಿತು. ಆ ರಸ್ತೆಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ನೆನಪಿನ ‘ಪ್ರಿನ್ಸೆಸ್ ರಸ್ತೆ’ ಎಂಬ ಹೆಸರು ಮೊದಲೇ ಇದೆ ಎಂದು ವಿರೋಧಿಸಿದವರು ಹೇಳಿದರು. ಅವರ ಹೆಸರಿನ ಕ್ಷಯರೋಗ ಆಸ್ಪತ್ರೆ ಅದೇ ರಸ್ತೆಯಲ್ಲಿದೆ. ಆ ಹೆಸರು ಅಧಿಕೃತವೇ ಅಲ್ಲವೇ ಎಂಬುದೇ ವಾದದ ತಿರುಳಾಯಿತು. ಜನ ತಲೆಮಾರುಗಳಿಂದ ಕರೆಯುವ ಹೆಸರಿಗೂ ಹಳೆಯ ನಕ್ಷೆಯೋ ನಡವಳಿಯೋ ಬೇಕಾಗುತ್ತದೆ ಎಂಬುದು ಅಲ್ಲಿ ಕಂಡಿತು. ಆದ್ದರಿಂದ ಯಾರೂ ಬದಲಿಸಲು ಹೊರಡದ ಕಾಲದಲ್ಲೇ ನಿಮ್ಮ ರಸ್ತೆಯ ಹಳೆಯ ಹೆಸರಿರುವ ಕಾಗದಗಳನ್ನು ಒಟ್ಟುಮಾಡಿ ಇಟ್ಟುಕೊಳ್ಳಿ.

ಇರುವ ಹೆಸರನ್ನು ಬದಲಿಸುವ ಪ್ರಸ್ತಾವಕ್ಕೆ ಎದುರಾಗಿ ಉಲ್ಲೇಖಿಸಬಹುದಾದ ಒಂದು ಕಾಗದ ಕೇಂದ್ರ ಗೃಹ ಸಚಿವಾಲಯದ 1975ರ ಸೆಪ್ಟೆಂಬರ್ 27ರ ಮಾರ್ಗಸೂಚಿ. ರಸ್ತೆಯ ಹೆಸರು ಬದಲಿಸಿದರೆ ಅಂಚೆಗೂ ಜನರಿಗೂ ಗೊಂದಲ, ಚರಿತ್ರೆಯ ಅರಿವೂ ಕಳೆದುಹೋಗುತ್ತದೆ, ಹೊಸ ಹೆಸರುಗಳನ್ನು ಹೊಸ ರಸ್ತೆಗಳಿಗೆ ಇಡಿ ಎಂಬುದು ಅದರ ಸಾರ. ಅದೊಂದೇ ಬೇಲಿಯಾಗಿ ನಿಲ್ಲುವುದಿಲ್ಲ. ಅದೇ ಮಾರ್ಗಸೂಚಿ ಇದ್ದಾಗಲೇ ನವದೆಹಲಿಯ ಔರಂಗಜೇಬ್ ರಸ್ತೆ 2015ರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ರಸ್ತೆಯಾಯಿತು. ಜೊತೆಗೆ ಸ್ಥಳೀಯ ದಾಖಲೆ ಇದ್ದರೆ ಮಾತ್ರ ಬಲ. ರಸ್ತೆಯ ಹೆಸರು ಬದಲಾದರೆ ಖಾತೆ, ಆಧಾರ್, ಪಾಸ್‌ಪೋರ್ಟ್, ಬ್ಯಾಂಕ್, ಅಂಗಡಿಯ ಪರವಾನಗಿ, ಜಿಎಸ್‌ಟಿ ಎಲ್ಲದರಲ್ಲೂ ವಿಳಾಸ ತಿದ್ದಿಸಬೇಕಾದವರ ಪಟ್ಟಿ ಮಾಡಿ ಲಗತ್ತಿಸುವುದೂ ಪರಿಣಾಮಕಾರಿ. ಉದ್ಯಾನದಲ್ಲಿ ಯಾರ ವಿಳಾಸವೂ ಇಲ್ಲದ್ದರಿಂದ ಆ ತೊಡಕಿಲ್ಲ. ಮೊದಲ ಬಾರಿಗೆ ಈ ಕೆಲಸ ಹಿಡಿಯುವವರು ಉದ್ಯಾನದಿಂದ ಶುರುಮಾಡುವುದು ಅದಕ್ಕೇ ಒಳ್ಳೆಯದು.

ಪ್ರಸ್ತಾವ ನಿಮ್ಮದೇ ಆಗಿದ್ದರೂ ಈ 30 ದಿನದಲ್ಲಿ ಸುಮ್ಮನಿರಬಾರದು. ಬೆಂಬಲಿಸಿ ಬರೆದ ಪತ್ರಗಳೂ ಕಡತಕ್ಕೆ ಸೇರುತ್ತವೆ. ಆಕ್ಷೇಪಣೆ ಮಾತ್ರ ಇದ್ದು ಬೆಂಬಲ ಇಲ್ಲದ ಕಡತ ಮೇಲೆ ಹೋದಾಗ ಜನವಿರೋಧವಿದೆ ಎಂದೇ ಓದಿಕೊಳ್ಳುತ್ತಾರೆ. ಪ್ರತಿ ಪತ್ರಕ್ಕೂ ಸ್ವೀಕೃತಿ ಮುದ್ರೆ ಪಡೆಯಿರಿ, ಇಮೇಲ್ ಕಳಿಸಿದರೂ ಒಂದು ಪ್ರತಿ ಟಪಾಲಿಗೆ ಕೊಡಿ.

ದುಡ್ಡು ಕೊಟ್ಟು ಹೆಸರು ಸೇರಿಸುವ ದಾರಿಯೂ ಈಗ ಬೆಂಗಳೂರಿನಲ್ಲಿದೆ. ಮೆಟ್ರೊ ಹಳದಿ ಮಾರ್ಗದ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಷನ್ 100 ಕೋಟಿ ರೂಪಾಯಿ, ಹೆಬ್ಬಗೋಡಿ ನಿಲ್ದಾಣಕ್ಕೆ ಬಯೋಕಾನ್ 65 ಕೋಟಿ ರೂಪಾಯಿ ಕೊಟ್ಟು, ಊರಿನ ಹೆಸರಿನ ಜೊತೆ ಆ ಹೆಸರುಗಳು ಸೇರಿವೆ. ಹಣ ನಿಲ್ದಾಣ ಕಟ್ಟುವುದಕ್ಕೆ ಹೋಗಿದೆ, ಊರಿನ ಹೆಸರೂ ಉಳಿದಿದೆ ಎಂಬ ಕಾರಣಕ್ಕೆ ನಾವು ಇದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಬಡಾವಣೆಯ ಉದ್ಯಾನವನ್ನು ಕಂಪನಿಯೊಂದು ದತ್ತು ತೆಗೆದುಕೊಂಡು ನಿರ್ವಹಿಸಲು ಮುಂದೆ ಬಂದರೆ, ಒಪ್ಪಂದದಲ್ಲಿ ಉದ್ಯಾನದ ಅಧಿಕೃತ ಹೆಸರು ಮತ್ತು ಪ್ರಾಯೋಜಕರ ಹೆಸರು ಬೇರೆ ಬೇರೆ ಎಂದು, ಪ್ರಾಯೋಜಕರ ಫಲಕ ಒಪ್ಪಂದ ಮುಗಿದ ದಿನ ತೆಗೆಯಬೇಕೆಂದು ಬರೆಸಿಕೊಳ್ಳಿ.

ಆದೇಶ ಬಂದ ಮೇಲೆ

ಕಬ್ಬನ್ ಪಾರ್ಕಿಗೆ 1927ರಿಂದ ಅಧಿಕೃತ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಆಟೊದವರಿಗೆ ಹಾಗೆ ಹೇಳಿದರೆ ಎಲ್ಲಿಗೆ ಎಂದು ಕೇಳುತ್ತಾರೆ. ಮೊದಲೇ ಒಂದು ಹೆಸರು ಬಾಯಲ್ಲಿ ಕುಳಿತಿರುವ ಜಾಗದಲ್ಲಿ ಆದೇಶ ಬಹಳ ಮಾಡಲಾರದು. ಹೆಸರೇ ಇಲ್ಲದ ಜಾಗದಲ್ಲಿ ಮಾತ್ರ ಮಾಡಬಲ್ಲದು, ಅದೂ ಎಲ್ಲ ಕಡೆ ಒಂದೇ ಸಮಯಕ್ಕೆ ಒಂದೇ ರೀತಿ ಬರೆದರೆ.

ಅದಕ್ಕೆ ಆದೇಶದ ದೃಢೀಕೃತ ಪ್ರತಿ ಕೈಗೆ ಬಂದ ವಾರವೇ ಜೊತೆಗೊಂದು ಪತ್ರ ಇಟ್ಟು ಕಳಿಸಬೇಕು: ಬಟವಾಡೆ ಮಾಡುವ ಅಂಚೆ ಕಚೇರಿಗೆ, ಬಿಎಂಟಿಸಿಗೆ, ಬೆಸ್ಕಾಂ ಮತ್ತು ಜಲಮಂಡಳಿಯ ಉಪವಿಭಾಗಗಳಿಗೆ, ಪೊಲೀಸ್ ಠಾಣೆ ಮತ್ತು ಸಂಚಾರ ಠಾಣೆಗೆ, ಅಗ್ನಿಶಾಮಕ ಠಾಣೆಗೆ, ತೋಟಗಾರಿಕೆ ವಿಭಾಗದ ಉದ್ಯಾನ ಪಟ್ಟಿಯನ್ನು ನೋಡಿಕೊಳ್ಳುವವರಿಗೆ. ಕೊನೆಯದನ್ನು ಮರೆತರೆ ಮುಂದಿನ ನಿರ್ವಹಣಾ ಟೆಂಡರ್ ಹಳೆಯ ಹೆಸರಿನಲ್ಲೇ ಹೊರಡುತ್ತದೆ, ಟೆಂಡರಿನ ಹೆಸರೇ ಬಿಲ್ಲಿಗೆ, ಬಿಲ್ಲಿನದೇ ಫಲಕಕ್ಕೆ ಹೋಗುತ್ತದೆ. ಗೂಗಲ್ ಮ್ಯಾಪ್‌ನಲ್ಲಿ ‘ತಿದ್ದುಪಡಿ ಸೂಚಿಸಿ’ ಒತ್ತಿ ಹೊಸ ಹೆಸರು ಹಾಕಿ, ಫಲಕದ ಫೋಟೊ ಸೇರಿಸಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡ ಹೆಸರಿಗೆ, ಇಂಗ್ಲಿಷ್ ಹೆಸರಿಗೆ, ಹಳೆಯ ಹೆಸರಿಗೆ ಬೇರೆ ಬೇರೆ ಜಾಗವಿದೆ, ಮೂರನ್ನೂ ತುಂಬಬೇಕು.

ಫಲಕದಲ್ಲಿ ಕನ್ನಡ ಮೇಲೆ, ದೊಡ್ಡದಾಗಿ. ಹೆಸರಿನ ಕೆಳಗೆ ಎರಡು ಸಾಲಿನ ವಿವರ ಇರಲಿ: ಕುಂಟೆಯ ಹೆಸರು, ಗ್ರಾಮದ ಹೆಸರು, ಸರ್ವೆ ನಂಬರು, ಆದೇಶದ ಸಂಖ್ಯೆ ಮತ್ತು ದಿನಾಂಕ. ಜನಪ್ರತಿನಿಧಿಗಳ ಹೆಸರಿನ ಉದ್ಘಾಟನಾ ಕಲ್ಲು ಬೇರೆ, ಇದು ಬೇರೆ. ಎರಡನ್ನೂ ಒಂದರಲ್ಲೇ ಬರೆದರೆ ಅಧಿಕಾರ ಬದಲಾದಾಗ ಕಲ್ಲಿನ ಜೊತೆ ಹೆಸರೂ ಹೋಗುತ್ತದೆ. ಬರೆಯುವ ಮೊದಲು ಕರಡನ್ನು ಕಾಗದದ ಮೇಲೆ ತರಿಸಿಕೊಂಡು, ಒತ್ತಕ್ಷರ ಮತ್ತು ದೀರ್ಘಗಳನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ಸಹಿ ಮಾಡಿಕೊಡಬೇಕು. ಕಂಪ್ಯೂಟರಿನಲ್ಲಿ ಒಂದು ಫಾಂಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಅರ್ಕಾವತ್ತು ಮತ್ತು ಒತ್ತಕ್ಷರ ಒಡೆಯುವುದು ಸಾಮಾನ್ಯ, ಗ್ರಾನೈಟಿನಲ್ಲಿ ಕೆತ್ತಿದ ಮೇಲೆ ತಿದ್ದಲು ಬರುವುದಿಲ್ಲ. ಫಲಕ ನಿಂತ ದಿನ ಅದರ ಫೋಟೊ, ಆದೇಶದ ಪ್ರತಿ, ಕ್ರಯಪತ್ರದ ಎರಡು ಪುಟ, ಮಹಜರು, ಪತ್ರಿಕೆಯ ಪ್ರಕಟಣೆ ಇವೆಲ್ಲವನ್ನೂ ಎರಡು ಸೆಟ್ ಮಾಡಿ, ಒಂದನ್ನು ನಿವಾಸಿಗಳ ಸಂಘದ ದಫ್ತರಿಗೆ, ಇನ್ನೊಂದನ್ನು ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡಿ. ಸಂಘದ ಪದಾಧಿಕಾರಿಗಳು ಬದಲಾಗುವಾಗ ಕಾಗದ ಕೈತಪ್ಪುತ್ತದೆ, ಗ್ರಂಥಾಲಯದ ಪ್ರತಿ ಆಗ ಒದಗುತ್ತದೆ.